ನೋಡಿದ ಊರಿಗೇ ಮತ್ತೆ ಯಾಕೆ ಹೋದ್ರಿ?

ಗ್ರೀಸ್‌ಗೆ ಎರಡು ಸಲ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಸ್ಯಾಂಟೊರಿನಿ ದ್ವೀಪದ ಫೋಟೊ ತೋರಿಸಿ ಅನ್ನುತ್ತಾರೆ. ನನ್ನ ಹತ್ತಿರ ಇಲ್ಲ. ಎರಡು ಸಲವೂ ನಾನು ಹೋಗಿದ್ದು ಮೆಟ್ಸೊವೊ ಅನ್ನುವ ಬೆಟ್ಟದ ಊರಿಗೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಅಷ್ಟು ದುಡ್ಡು ಹಾಕಿ ನೋಡಿದ ಊರನ್ನೇ ನೋಡೋಕೆ ಹೋದ್ರಾ? ಅಂಥಾದ್ದೇನಿದೆ ಅಲ್ಲಿ?" ಆಫೀಸಿನಲ್ಲಿ ಕೇಳಿದರು, ನೆಂಟರು ಕೇಳಿದರು, ಮೊನ್ನೆ ಒಂದು ಮದುವೆ ಮನೆಯಲ್ಲೂ ಕೇಳಿದರು. ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಂಬಳಿಗೋಸ್ಕರ ಹೋದೆ.

ನಮ್ಮದು ಚಳ್ಳಕೆರೆ ಕಡೆ. ಮನೆಯಲ್ಲಿ ಕುರಿ ಇರಲಿಲ್ಲ, ಆದರೆ ಊರ ಸುತ್ತ ಕುರಿ ರೊಪ್ಪಗಳೇ. ಕಂಬಳಿ ಮಗ್ಗದ ಸದ್ದು ಕೇಳುತ್ತಲೇ ಬೆಳೆದವನು. ತಾತ ಹೊದೆಯುತ್ತಿದ್ದ ಕರಿ ಕಂಬಳಿಯ ವಾಸನೆ ಈಗಲೂ ಮೂಗಿನಲ್ಲಿದೆ.

ಮೆಟ್ಸೊವೊ ಇರುವುದು ಗ್ರೀಸ್‌ನ ವಾಯವ್ಯದಲ್ಲಿ, ಪಿಂಡಸ್ ಪರ್ವತಗಳ ನಡುವೆ, ಸುಮಾರು 1,150 ಮೀಟರ್ ಎತ್ತರದಲ್ಲಿ. ಯೊಆನಿನ ಪಟ್ಟಣದಿಂದ ಬಸ್ಸಿನಲ್ಲಿ ಒಂದು ಗಂಟೆ. ಕಲ್ಲಿನ ಮನೆ, ಚಪ್ಪಡಿ ಹೊದಿಸಿದ ಬೂದು ಮಾಡು, ಇಳಿಜಾರಿನ ಓಣಿಗಳು, ನಡುವೆ ದೊಡ್ಡ ಚೌಕ. ಮೊದಲು ಇಲ್ಲಿಂದ ಪೂರ್ವಕ್ಕೆ ಹೋಗಬೇಕಂದ್ರೆ 1,700 ಮೀಟರ್ ಹತ್ತಿರದ ಕತಾರ ಕಣಿವೆದಾರಿ ದಾಟಬೇಕಿತ್ತು. ಕತಾರ ಅಂದರೆ ಗ್ರೀಕ್‌ನಲ್ಲಿ ಶಾಪ. ಹಿಮದಲ್ಲಿ ಆ ದಾರಿ ಹತ್ತಿದವರು ಇಟ್ಟ ಹೆಸರೇ ಇರಬೇಕು. 2009ರಲ್ಲಿ ಎಗ್ನಾಟಿಯಾ ಹೆದ್ದಾರಿ ಪೂರ್ತಿಯಾದ ಮೇಲೆ ಗಾಡಿಗಳು ಸುರಂಗದಲ್ಲೇ ದಾಟಿ ಹೋಗುತ್ತವೆ.

ಮೊದಲ ಸಲ ನಾನು ಹೋಗಿದ್ದು ಫೆಬ್ರವರಿಯಲ್ಲಿ, ಒಂದೇ ರಾತ್ರಿಗೆ. ಹಿಮ, ಮಂಜು, ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಉಳಿದುಕೊಂಡ ಮನೆಯಲ್ಲಿ ಒಲೆಯ ಪಕ್ಕ ಉದ್ದದ ಮರದ ಜಗಲಿ, ಅದರ ಮೇಲೆ ದಪ್ಪನೆಯ ಉಣ್ಣೆ ಹಾಸು. ಕೂತು ಸುಮ್ನೆ ಕೈಯಾಡಿಸಿದೆ. ನೂಲಿನ ಎಳೆ ಸಿಗಲಿಲ್ಲ, ಎಲ್ಲ ಒಂದಕ್ಕೊಂದು ಕಚ್ಚಿಕೊಂಡಿತ್ತು. ಮೂಗಿಗೆ ಹಿಡಿದರೆ ತಾತನ ಕಂಬಳಿ! ಮನೆಯ ಅಜ್ಜಿಯನ್ನು ಎಲ್ಲರೂ ಯಾಯಾ ಅನ್ನುತ್ತಿದ್ದರು. ಗ್ರೀಕ್‌ನಲ್ಲಿ ಅಜ್ಜಿ ಅಂತಲೇ ಅರ್ಥ. ಅವರ ಮೊಮ್ಮಗಳು ಇಂಗ್ಲಿಷ್‌ನಲ್ಲಿ ಹೇಳಿದಳು, "ಇದನ್ನು ನೇಯ್ದ ಮೇಲೆ ನೀರು ಬಡಿಯುತ್ತೆ." ಕೈಯಲ್ಲಿ ಒಗೆಯುವುದಾ ಅಂದೆ. ಅಲ್ಲ, ನೀರೇ ಬಡಿಯುತ್ತೆ, ಬೇಸಿಗೆಯಲ್ಲಿ ಬಂದ್ರೆ ತೋರಿಸ್ತೀವಿ ಅಂದರು. ನಮ್ಮ ಕಡೆಯೂ ಕಂಬಳಿ ನೇಯ್ತಾರೆ, ಬರುವಾಗ ಒಂದು ತರ್ತೀನಿ ಅಂತ ನಾನೂ ಮಾತು ಕೊಟ್ಟೆ.

ಮಾತು ಉಳಿಸಿಕೊಳ್ಳೋಕೆ ಮೂರು ವರ್ಷ ಹಿಡಿಯಿತು.

ಎರಡನೇ ಸಲ ಜೂನ್‌ನಲ್ಲಿ ಹೋದೆ, ಎಂಟು ದಿನ. ಹಿಮ ಕರಗಿದ ಮೇಲೆ ಅದು ಬೇರೆಯದೇ ಊರು. ಚೌಕದ ಮರಗಳ ಕೆಳಗೆ ಮುದುಕರು ಊರುಗೋಲು ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಅವರು ಆಡುತ್ತಿದ್ದ ಮಾತು ಗ್ರೀಕ್ ಅಲ್ಲ ಅಂತ ನನಗೆ ಗೊತ್ತಾಗಿದ್ದೇ ಆಗ. ಅದು ವ್ಲಾಖ್, ಲ್ಯಾಟಿನ್‌ನಿಂದ ಬಂದ ಭಾಷೆ, ರೊಮೇನಿಯನ್‌ಗೆ ಹತ್ತಿರದ ನೆಂಟ. ಶಾಲೆ, ಆಫೀಸು, ಪೇಪರು ಎಲ್ಲ ಗ್ರೀಕ್. ಮನೆ ಮಾತು ವ್ಲಾಖ್. ಮಂಗಳೂರಿನ ತುಳು ಮನೆಗಳು ನೆನಪಾದವು. ಯಾಯಾ ವ್ಲಾಖ್‌ನಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಗ್ರೀಕ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಎಲ್ಲಾ ಅರ್ಥವಾಗುತ್ತೆ, ಬಾಯಿಗೆ ಬರಲ್ಲ ಅಂದಳು. ಅದನ್ನು ಕೇಳಿ ಸಂಕಟವಾಯಿತು.

ಚೌಕದ ಹತ್ತಿರ ಕಲ್ಲಿನ ನಲ್ಲಿ ಇದೆ, ಬೆಟ್ಟದ ನೀರು. ಬಾಟಲಿಗೆ ತುಂಬಿಸುವಾಗ ಯಾಯಾ ಹೇಳಿಕೊಟ್ಟರು: ಗ್ರೀಕ್‌ನಲ್ಲಿ 'ನೆರೋ', ವ್ಲಾಖ್‌ನಲ್ಲಿ 'ಅಪ'. ನನಗೆ ಮೈ ಜುಮ್ಮೆಂದಿತು. ಒಂದು ನಮ್ಮ ನೀರು, ಇನ್ನೊಂದು ನಮ್ಮ ಮಂತ್ರದ ಆಪಃ! ಇವಕ್ಕೆ ನೆಂಟಸ್ತಿಕೆ ಕಟ್ಟೋಕೆ ನಾನು ಹೊರಟಿಲ್ಲ. ನೆರೋ ಬಂದಿರುವುದು 'ತಾಜಾ' ಅನ್ನುವ ಅರ್ಥದ ಹಳೆಯ ಗ್ರೀಕ್ ಮಾತಿನಿಂದ. ಆದರೂ ಅಷ್ಟು ದೂರದ ಬೆಟ್ಟದಲ್ಲಿ ನೀರಿಗೆ ನೆರೋ ಅಂತ ಕೇಳಿದಾಗ ಆಗುವ ಖುಷಿ ಬೇರೆ, ಅಲ್ವಾ?

ಈ ವ್ಲಾಖ್ ಜನ ಮೂಲತಃ ಕುರಿ ಕಾಯುವವರು. ಚಳಿಗಾಲಕ್ಕೆ ಮಂದೆ ಹೊಡೆದುಕೊಂಡು ಥೆಸ್ಸಲಿ ಬಯಲಿಗೆ ಇಳಿಯುವುದು, ಬೇಸಿಗೆಗೆ ಬೆಟ್ಟ ಹತ್ತುವುದು. ಇಳಿಯೋದು ಅಕ್ಟೋಬರ್ 26ರ ಸಂತ ದಿಮಿತ್ರಿಯೊಸ್ ಹಬ್ಬದ ಹೊತ್ತಿಗೆ, ಹತ್ತೋದು ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬದ ಹೊತ್ತಿಗೆ. ಮಳೆ ನೋಡಿಕೊಂಡು ಮಂದೆ ಹೊಡೆಯುವ ನಮ್ಮ ಕುರುಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರಲ್ಲಿ ಯುನೆಸ್ಕೊ ಈ ಕುರಿ ವಲಸೆಯನ್ನು ಗ್ರೀಸ್, ಇಟಲಿ, ಆಸ್ಟ್ರಿಯಾ ಮೂರೂ ದೇಶಗಳ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ನಮ್ಮವರಿಗೂ ಆ ಮರ್ಯಾದೆ ಸಿಗಬೇಕು ಅಂತ ನನಗೆ ತುಂಬಾ ಆಸೆ.

ಬೆಟ್ಟ ಬಿಟ್ಟು ಹೋಗಿ ದುಡ್ಡು ಮಾಡಿದವರೂ ಊರನ್ನು ಮರೆಯಲಿಲ್ಲ. 1815ರಲ್ಲಿ ಇಲ್ಲಿ ಹುಟ್ಟಿದ ಜಾರ್ಜ್ ಅವೆರೊಫ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ವ್ಯಾಪಾರ ಮಾಡಿದರು. 1896ರ ಒಲಿಂಪಿಕ್ಸ್‌ಗೆ ಅಥೆನ್ಸ್‌ನ ಹಳೆಯ ಕ್ರೀಡಾಂಗಣ ಅಮೃತಶಿಲೆಯಲ್ಲಿ ಎದ್ದು ನಿಂತಿದ್ದು ಅವರ ದುಡ್ಡಿನಲ್ಲಿ. ಅಥೆನ್ಸ್‌ನ ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರಿನಲ್ಲೂ ದಾನ ಕೊಟ್ಟ ಈ ಊರೇ ಇದೆ. 1947ರಲ್ಲಿ ಈ ಊರಿನ ಮೂಲದ ಬ್ಯಾರನ್ ಮಿಖಾಯಿಲ್ ಟೊಸಿಟ್ಸಾಸ್ ಹೆಸರಿನ ಪ್ರತಿಷ್ಠಾನ ಶುರುವಾಯಿತು. ಅದು ಊರಿನ ಹುಡುಗರನ್ನು ಇಟಲಿಗೆ ಕಳಿಸಿ ಚೀಸ್ ಮಾಡುವುದನ್ನು ಕಲಿಸಿತು. ಹೊಗೆ ಹಾಕಿದ ಮೆಟ್ಸೊವೊನೆ ಚೀಸ್ ಹಾಗೆ ಬಂದದ್ದು. ಹಸುವಿನ ಹಾಲು ಜಾಸ್ತಿ, ಕುರಿ-ಮೇಕೆ ಹಾಲು ಸ್ವಲ್ಪ. ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ಊರಿಗೆ ಕಟ್ಟಡ ಕಟ್ಟಿಸಿಕೊಡುವವರು ಬೇಕಾದಷ್ಟು ಜನ. ಹುಡುಗರು ಊರಲ್ಲೇ ಉಳಿಯಲಿ ಅಂತ ಕೆಲಸ ಕಲಿಸಿದರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ನಾಲ್ಕನೇ ದಿನ ಹತ್ತಿರದ ಆಂಥೊಖೋರಿ ಹಳ್ಳಿಗೆ ಕರೆದುಕೊಂಡು ಹೋದರು. ಹಳ್ಳದ ನೀರನ್ನು ಕಾಲುವೆಯಂಥ ಮರದ ದೋಣಿಯಲ್ಲಿ ಮೇಲಿಂದ ಬಿಡುತ್ತಾರೆ. ದೋಣಿ ಕೆಳಗೆ ಬರ್ತಾ ಬರ್ತಾ ಕಿರಿದಾಗುತ್ತದೆ. ನೀರು ರಭಸದಿಂದ ಬಂದು ನೆಲದೊಳಗೆ ಹೂತ ದೊಡ್ಡ ಮರದ ಬಾನಿಗೆ ಬೀಳುತ್ತದೆ. ಬಾನಿ ಬುಡದಲ್ಲಿ ಕಿರಿದು, ಬಾಯಲ್ಲಿ ಅಗಲ. ಹಲಗೆಗಳ ಸಂದಿಯಿಂದ ನೀರು ಹೊರಗೆ ಹೋಗುತ್ತಾ ಇರುತ್ತದೆ. ಒಳಗೆ ಉಣ್ಣೆ ಹಾಸು ಗಿರಗಿರ ತಿರುಗುತ್ತಿತ್ತು, ಮುಳುಗುತ್ತಿತ್ತು, ಮತ್ತೆ ಎದ್ದು ಬರುತ್ತಿತ್ತು. ಸೋಪಿಲ್ಲ, ಕರೆಂಟಿಲ್ಲ. ಗಂಟೆಗಟ್ಟಲೆ ಹೀಗೆ ಬಡಿಸಿಕೊಂಡೇ ಉಣ್ಣೆ ಗಟ್ಟಿಯಾಗೋದು. ಮೂರು ವರ್ಷದ ಹಿಂದೆ ನನ್ನ ಕೈಗೆ ಎಳೆ ಸಿಗದೇ ಇದ್ದದ್ದು ಇದಕ್ಕೇ.

ಮನೆಗೆ ಬಂದು ಚಳ್ಳಕೆರೆಯ ಕರಿ ಕಂಬಳಿ ಬಿಚ್ಚಿದೆ. ಯಾಯಾ ಅಂಚು ಹಿಡಿದು ಉಜ್ಜಿದರು, ಮೂಸಿದರು, ಬೆಳಕಿಗೆ ಹಿಡಿದರು. ಇಷ್ಟು ಬಿರುಸು ಹೇಗೆ ಬಂತು ಅಂತ ಕೇಳಿದರು. ಹುಣಸೆ ಬೀಜದ ಗಂಜಿ ಅಂದೆ. ಹುಣಸೆ ಏನು ಅಂತ ಮೊಮ್ಮಗಳು ಫೋನಿನಲ್ಲಿ ಚಿತ್ರ ಹುಡುಕಿ ತೋರಿಸಿದಳು. ನಾನು ಕಂಬಳಿ ಮಡಚಿ ತಲೆ ಮೇಲೆ ಕೊಪ್ಪೆ ಹಾಕಿ ನಿಂತೆ. ಯಾಯಾ ನಕ್ಕು ಒಳಗೆ ಹೋಗಿ ತಮ್ಮ ಯಜಮಾನರ ಕಾಪಾ ತಂದರು, ಕುರಿ ಕಾಯುವವರ ಟೊಪ್ಪಿಗೆ ಇರುವ ಉಣ್ಣೆ ನಿಲುವಂಗಿ. ತಾವೇ ಹಾಕಿಕೊಂಡು ನನ್ನ ಪಕ್ಕ ನಿಂತರು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ಮಳೆ ಬಂದರೆ ನಿನ್ನದರಲ್ಲಿ ನೀರು ಒಳಗೆ ಇಳಿಯುತ್ತಾ?

ತಾತನನ್ನು ಕೇಳಬೇಕಿತ್ತು, ಅವರಿಲ್ಲ. ಮೂವರೂ ನಲ್ಲಿಯ ಹತ್ತಿರ ಹೋದೆವು. ನಾನೂ ಮೊಮ್ಮಗಳೂ ಕಂಬಳಿಯನ್ನು ಎರಡು ಕಡೆ ಬಿಗಿಯಾಗಿ ಹಿಡಿದೆವು. ಯಾಯಾ ಒಂದು ಲೋಟ ನೀರು ಸುರಿದರು. ಬೆಂಚಿನ ಮೇಲಿದ್ದ ಮುದುಕರಿಬ್ಬರು ಎದ್ದು ಬಂದು ಬಗ್ಗಿ ನೋಡಿದರು. ನೀರು ಹನಿಹನಿಯಾಗಿ ಉರುಳಿ ಅಂಚಿನಿಂದ ನನ್ನ ಕಾಲ ಮೇಲೆ ಬಿತ್ತು. ಯಾಯಾ ಕಂಬಳಿಯ ಅಡಿಗೆ ಕೈ ಹಾಕಿ ಸವರಿ, ಒಣಗಿದ್ದ ಅಂಗೈಯನ್ನು ಎಲ್ಲರಿಗೂ ತೋರಿಸಿದರು.