ಮೋಡ ಬಿಟ್ಟರೂ ಮಂಜು ಬಿಡಬೇಕಲ್ಲ

ಮೈಸೂರಿನಿಂದ ನಕ್ಷತ್ರ ನೋಡಲು ಹೊರಡುವವರಿಗೆ ಮೊದಲು ಎದುರಾಗುವುದು ಬೀಗ ಹಾಕಿದ ಕತ್ತಲೆ. ಒಳ್ಳೆಯ ಕಪ್ಪು ಆಕಾಶವೆಲ್ಲ ದಕ್ಷಿಣಕ್ಕೂ ಪಶ್ಚಿಮಕ್ಕೂ ಇದೆ: ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ. ಆದರೆ ರಾತ್ರಿ ಅದು ನಮ್ಮ ಪಾಲಿನದಲ್ಲ. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಿಂದ ಸಂಜೆಯೊಳಗೆ ಇಳಿದುಬಿಡಬೇಕು. ಆನೆ ನಡೆಯುವ ದಾರಿಯಲ್ಲಿ ದೂರದರ್ಶಕ ಇಟ್ಟುಕೊಂಡು ಕೂರುವ ಹಟ ನಮಗೂ ಇಲ್ಲ. ಉಳಿದದ್ದು ಉತ್ತರ, ಅಂದರೆ ಮಂಡ್ಯ ಜಿಲ್ಲೆ.

ಮಂಡ್ಯ ಎಂದರೆ ಹುಬ್ಬೇರಿಸುವವರಿದ್ದಾರೆ. ಕಬ್ಬು, ಆಲೆಮನೆ, ನಾಲೆ; ಅಲ್ಲಿ ನಕ್ಷತ್ರ ಎಲ್ಲಿ? ಅವರು ನೋಡಿರುವುದು ಹೆದ್ದಾರಿಯ ಅಕ್ಕಪಕ್ಕದ ಮಂಡ್ಯ. ವಿಶ್ವೇಶ್ವರಯ್ಯ ನಾಲೆಯ ನೀರು ಹತ್ತದ ಇನ್ನೊಂದು ಮಂಡ್ಯವಿದೆ: ಮೇಲುಕೋಟೆಯ ಬೆಟ್ಟಸಾಲು, ಅದರಾಚೆ ನಾಗಮಂಗಲದ ಕಡೆಯ ರಾಗಿ, ಹುರುಳಿಯ ಹೊಲಗಳು, ಬಂಡೆಗಳು, ಮಳೆಯನ್ನೇ ನಂಬಿದ ಊರುಗಳು. ರೈತನ ಕಣ್ಣಿಗೆ ಮೊದಲನೆಯ ಮಂಡ್ಯ ಭಾಗ್ಯವಂತ. ನನ್ನಂಥವನ ಕಣ್ಣಿಗೆ ಎರಡನೆಯದು.

ಈ ಸಲದ ಪ್ರವಾಸ ಶಿವರಾತ್ರಿ ಕಳೆದ ಶನಿವಾರದ್ದು. ರಾತ್ರಿಯನ್ನು ಆರಿಸುವುದಕ್ಕೆ ನಮಗೆ ಪಂಚಾಂಗ ಸಾಕು. ಮಾಘ ಬಹುಳ ಚತುರ್ದಶಿಯ ಶಿವರಾತ್ರಿಯೇ ಆ ತಿಂಗಳ ಕತ್ತಲೆಯ ರಾತ್ರಿಗಳಲ್ಲೊಂದು. ಆದರೆ ಅಂದು ಊರೂರಿನ ದೇವಸ್ಥಾನಗಳಲ್ಲಿ ದೀಪ, ಧ್ವನಿವರ್ಧಕ, ಜಾಗರಣೆ. ಅಮಾವಾಸ್ಯೆ ದಾಟಿ ಬಂದ ಬಿದಿಗೆಯ ಚಂದ್ರ ಎಂಟೂಕಾಲಿಗೆ ಮುಳುಗುವ ಲೆಕ್ಕ, ಆಮೇಲೆ ಬೆಳಗಿನ ಐದೂಕಾಲಿನವರೆಗೂ ಪೂರ್ಣ ಕತ್ತಲೆ. ತಿಂಗಳ ಮೊದಲೇ ಗೊತ್ತುಮಾಡಬಹುದಾದದ್ದು ಇಷ್ಟೇ. ಜಾಗವನ್ನು ಗೊತ್ತುಮಾಡುವುದು ಆ ದಿನ ಮಧ್ಯಾಹ್ನ ಮೂರರ ಮೇಲೆ. ಇದನ್ನು ಎಷ್ಟು ಹೇಳಿದರೂ ಹೊಸಬರು ಕೇಳುವುದಿಲ್ಲ. ಮೊದಲೇ ಕೋಣೆ ಕಾದಿರಿಸುತ್ತಾರೆ, ಮುಂಗಡ ಕೊಡುತ್ತಾರೆ, ಆಮೇಲೆ ಮೋಡವನ್ನು ಬೈಯುತ್ತಾರೆ.

ಹಳ್ಳಿಯ ಮಳೆ ಲೆಕ್ಕವೂ ನಕ್ಷತ್ರದ್ದೇ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಶುರುವಾಗಿ ಸ್ವಾತಿ, ವಿಶಾಖದವರೆಗೆ ಓಡುವ ಮಳೆಗಳು. ಇದರಲ್ಲೊಂದು ತಮಾಷೆಯಿದೆ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹೆಸರು ಮಳೆಗೆ. ಹಾಗಾಗಿ ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಸುರಿಯುವಾಗ ಮೋಡವೇ ಇಲ್ಲದಿದ್ದರೂ ಕೃತ್ತಿಕೆ ಕಾಣದು, ಅದು ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತದೆ. ನವೆಂಬರಿನಲ್ಲಿ ವಿಶಾಖ ಮಳೆ ಮುಗಿದ ಮೇಲೆ ನಮ್ಮ ಕಾಲ ಶುರು. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದರೆ ಡಿಸೆಂಬರಿನಲ್ಲೂ ವಾರಗಟ್ಟಲೆ ಬೂದಿ ಬಣ್ಣದ ಆಕಾಶವನ್ನೇ ನೋಡಬೇಕಾಗುತ್ತದೆ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಮೋಡದ ಕಾಟ ಕಡಿಮೆ. ಆಗ ಬೇರೆಯದೊಂದು ಕಾಟ.

ಗುರುವಾರದಿಂದ ಮುನ್ಸೂಚನೆ ನೋಡತೊಡಗಿದೆವು. ನಾವೆಂದರೆ ನಿವೃತ್ತ ಗಣಿತದ ಮೇಷ್ಟ್ರು, ಎಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ, ನಾನು. ಮೊಬೈಲ್ ತೋರಿಸುವ ಸೂರ್ಯನ ಚಿತ್ರ ನಮಗೆ ಪ್ರಯೋಜನವಿಲ್ಲ. ಕೆಳಮೋಡ, ನಡುಮೋಡ, ಮೇಲ್ಮೋಡಗಳನ್ನು ಬೇರೆ ಬೇರೆಯಾಗಿ ತೋರಿಸುವ ನಕ್ಷೆ ಬೇಕು. ಮಳೆಗೆ ಅಂಜುವವರಿಗೆ ಮೇಲ್ಮೋಡ ಲೆಕ್ಕಕ್ಕಿಲ್ಲ. ನಮಗೆ ಅದೇ ಶತ್ರು. ತೆಳ್ಳಗಿನ ಹಿಮಮೋಡದ ಪದರ ಬಂದರೆ ಜನ ಅದನ್ನು ಶುಭ್ರ ಆಕಾಶ ಎಂದೇ ಕರೆಯುತ್ತಾರೆ, ಆದರೆ ಆಕಾಶಗಂಗೆ ಮಾಯವಾಗಿರುತ್ತದೆ. ಶನಿವಾರ ಬೆಳಗಿನಿಂದ ಮುನ್ಸೂಚನೆಯನ್ನು ಬದಿಗಿಟ್ಟು ಇನ್ಸ್ಯಾಟ್ ಉಪಗ್ರಹದ ಅವಗೆಂಪು ಚಿತ್ರಗಳಿಗೆ ಬಂದೆವು. ಅರ್ಧ ಗಂಟೆಗೊಂದು ಚಿತ್ರ ಬರುತ್ತದೆ, ಸಾಲಾಗಿ ಓಡಿಸಿ ನೋಡಿದರೆ ಮೋಡ ಎತ್ತ ಸಾಗುತ್ತಿದೆ, ಬೆಳೆಯುತ್ತಿದೆಯೋ ಕರಗುತ್ತಿದೆಯೋ ತಿಳಿಯುತ್ತದೆ. ಮಧ್ಯಾಹ್ನ ಕೊಡಗಿನ ಮೇಲೆ ಒಂದು ಬಿಳಿ ಎಳೆಯಿತ್ತು. ಮೂರೂವರೆಗೆ ಹರಿದು ಚೂರಾಗಿತ್ತು. ಮೇಷ್ಟ್ರು ಕಂಬಳಿ ಕಟ್ಟಿಕೊಳ್ಳಲು ಹೇಳಿದರು.

ಇನ್ನು ಎಲ್ಲಿಗೆ? ಪಾಂಡವಪುರದ ಬಳಿ ಮೇಷ್ಟ್ರ ಹಳೆಯ ವಿದ್ಯಾರ್ಥಿಯ ತೆಂಗಿನ ತೋಟವಿದೆ. ತೋಟದ ಮನೆಯ ತಾರಸಿ, ಪಕ್ಕದಲ್ಲೇ ಬಚ್ಚಲು, ಮೈಸೂರಿನಿಂದ ಒಂದು ಗಂಟೆಯೂ ಬೇಡ. ಎರಡನೆಯದು ಮೇಲುಕೋಟೆ ದಾಟಿ ನಾಗಮಂಗಲದ ಕಡೆ ಹೋಗುವಾಗ ಸಿಗುವ ಒಂದು ರಾಗಿ ಕಣ. ದೂರ ಹೆಚ್ಚು, ಸೌಕರ್ಯ ಸೊನ್ನೆ. ಮೇಷ್ಟ್ರು ತೋಟದವರಿಗೆ ಫೋನ್ ಮಾಡಿದರು.

“ಕಟ್ಟು ನೀರು ಬಂದಿದೆ ಮೇಷ್ಟ್ರೇ, ಗದ್ದೆಯೆಲ್ಲ ನೀರು ನಿಂತಿದೆ. ಬೆಳಗಿನ ಜಾವ ಎದುರಿಗೆ ಕಟ್ಟಿದ ಎಮ್ಮೆಯೂ ಕಾಣುತ್ತಿಲ್ಲ. ಊಟಕ್ಕೆ ಬನ್ನಿ, ನಕ್ಷತ್ರಕ್ಕೆ ಬೇಡ.”

ಬೇಸಿಗೆಗೆ ಮುಂಚೆ ನಾಲೆಗೆ ಸರದಿಯ ಮೇಲೆ ಬಿಡುವ ನೀರು ಈ ಕಟ್ಟು ನೀರು. ನಮ್ಮ ಯೋಜನೆಯಲ್ಲಿ ಅದಕ್ಕೆ ಉಪಗ್ರಹ ಚಿತ್ರದಷ್ಟೇ ಬೆಲೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಕಾವು ತಡೆಯಿಲ್ಲದೆ ಮೇಲೆ ಹೋಗುತ್ತದೆ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ, ಅದರಲ್ಲಿರುವ ತೇವ ಹನಿಗಟ್ಟುತ್ತದೆ. ನೀರುಂಡ ಗದ್ದೆಯ ಮೇಲೆ ತೇವಕ್ಕೆ ಕೊರತೆಯೇ ಇಲ್ಲ. ಆಕಾಶ ಎಷ್ಟು ಶುಭ್ರವೋ ಮಂಜಿಗೆ ಅಷ್ಟು ಅನುಕೂಲ! ಹವಾಮಾನದ ಭಾಷೆಯಲ್ಲಿ ಹೇಳುವುದಾದರೆ ಉಷ್ಣಾಂಶವನ್ನೂ ಇಬ್ಬನಿ ಬಿಂದುವನ್ನೂ, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶವನ್ನೂ, ಜೊತೆಗೆ ನೋಡಬೇಕು. ಎರಡರ ನಡುವೆ ಎರಡು ಮೂರು ಡಿಗ್ರಿಗಿಂತ ಕಡಿಮೆ ಅಂತರ ಉಳಿದರೆ ಮಸೂರ ಒದ್ದೆಯಾಗುವುದಕ್ಕೆ ಸಿದ್ಧರಾಗಬೇಕು.

ಮುಸ್ಸಂಜೆಗೆ ಪಾಂಡವಪುರ ದಾಟುವಾಗ ಇದಕ್ಕೆ ಸಾಕ್ಷಿಯೂ ಸಿಕ್ಕಿತು. ಆಲೆಮನೆಯೊಂದರ ಹೊಗೆ ತೆಂಗಿನ ಮರದೆತ್ತರಕ್ಕೆ ಏರಿತು, ಮುಂದೆ ಹೋಗಲಾರದೆ ಅಲ್ಲೇ ಚಾಪೆಯಂತೆ ಅಗಲವಾಗಿ ಹಾಸಿಕೊಂಡಿತು. ಕೆಳಗೆ ತಂಪು, ಮೇಲೆ ಬಿಸಿ. ಹೊಗೆ, ಧೂಳು, ತೇವ ಎಲ್ಲಕ್ಕೂ ಮುಚ್ಚಳ ಬಿದ್ದಿದೆ ಎಂದರ್ಥ. ಆ ಮುಚ್ಚಳದ ಮೇಲೆ ಹೋಗಿಬಿಟ್ಟರೆ ನಾವು ಗೆದ್ದಂತೆ. ಮಂಡ್ಯ ಪೇಟೆ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಕಡಿಮೆ, ಮೇಲುಕೋಟೆ ಸುಮಾರು ಸಾವಿರ. ಆ ಮುನ್ನೂರು ಮೀಟರಿಗಾಗಿಯೇ ಇಷ್ಟು ದೂರ.

ಜಕ್ಕನಹಳ್ಳಿಯಲ್ಲಿ ತಿರುಗಿ ಏರು ಹತ್ತಿದೆವು. ಮೇಲುಕೋಟೆಯಲ್ಲಿ ಪುಳಿಯೋಗರೆ ಕಟ್ಟಿಸಿಕೊಂಡದ್ದು ಬಿಟ್ಟರೆ ನಿಲ್ಲಲಿಲ್ಲ. ಬೆಟ್ಟದ ನೆತ್ತಿಯಲ್ಲೇ ಕೂರಬಹುದಲ್ಲ ಎಂದು ಹುಡುಗ ಕೇಳಿದ. ನರಸಿಂಹನ ಬೆಟ್ಟಕ್ಕೂ ಬೀದಿಗಳಿಗೂ ರಾತ್ರಿಯೆಲ್ಲ ದೀಪವಿದೆ, ಸುತ್ತಲಿನದು ವನ್ಯಧಾಮ, ಚಿರತೆಯ ಭಯ ಬೇರೆ. ರಾತ್ರಿ ಹೊಲದಲ್ಲಿ ಕೂರುವವರು ಊರಿನವರಿಗೆ ಹೇಳಿ ಕೂರಬೇಕು, ಒಬ್ಬರೇ ಅತ್ತಿತ್ತ ಹೋಗಬಾರದು, ಬೆನ್ನಿಗೆ ಗೋಡೆಯೋ ಕಾರೋ ಇರಬೇಕು. ಕಣದ ಯಜಮಾನರು ನಮಗಾಗಿ ಬೀದಿದೀಪದ ಬೆಳಕು ಬೀಳುವ ಕಡೆ ಹುಲ್ಲಿನ ಗಾಡಿ ಅಡ್ಡ ನಿಲ್ಲಿಸಿದ್ದರು. ಹೇಳದೆಯೇ ಮಾಡಿದ ಉಪಕಾರ.

ಪಕ್ಕದಲ್ಲೇ ದೊಡ್ಡ ಹಾಸುಬಂಡೆಯಿತ್ತು. ಕೂರಲು ಚೆಂದ, ದೂರದರ್ಶಕಕ್ಕೆ ಕೆಟ್ಟದ್ದು. ಹಗಲೆಲ್ಲ ಕಾದ ಕಲ್ಲು ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ, ಬಿಂಬ ಕುದಿಯುವ ನೀರಿನ ತಳದಲ್ಲಿರುವಂತೆ ನಡುಗುತ್ತದೆ. ಎಂಟಂಗುಲದ ಕನ್ನಡಿಯ ದೂರದರ್ಶಕವನ್ನು ಕಣದ ಮಣ್ಣಿನಲ್ಲೇ ನಿಲ್ಲಿಸಿದೆವು.

ಚಂದ್ರ ಮುಳುಗುವ ಹೊತ್ತಿಗೆ ಅಗಸ್ತ್ಯ ದಕ್ಷಿಣದಲ್ಲಿ ತನ್ನ ಪೂರ್ತಿ ಎತ್ತರದಲ್ಲಿದ್ದ. ಎತ್ತರವೆಂದರೂ ಇಪ್ಪತ್ತೈದು ಡಿಗ್ರಿಯಷ್ಟೆ. ಅವನ ಕಾಲ ಬುಡದಲ್ಲಿ ಮೈಸೂರಿನ ಬೆಳಕಿನ ಗುಮ್ಮಟ. ಮೇಲುಕೋಟೆಯ ತೊಂದರೆಯೇ ಇದು: ಮೈಸೂರು ನೇರ ದಕ್ಷಿಣಕ್ಕಿದೆ. ಉತ್ತರ ಭಾರತದವರಿಗೆ ದಕ್ಕದ ದಕ್ಷಿಣದ ಒಳ್ಳೆಯ ನಕ್ಷತ್ರಗಳೆಲ್ಲ ನಮಗೆ ದಕ್ಕುತ್ತವೆ, ಆದರೆ ಅವು ನಮ್ಮದೇ ಊರಿನ ದೀಪಗಳ ಮೇಲೆಯೇ ಹಾದುಹೋಗುತ್ತವೆ. ಆಗ್ನೇಯಕ್ಕೆ ಮಂಡ್ಯ, ಪೂರ್ವಕ್ಕೆ ದೂರದ ಬೆಂಗಳೂರಿನ ಮಸುಕು. ಉತ್ತರ, ಪಶ್ಚಿಮ ಮಾತ್ರ ನಿಜವಾದ ಕಪ್ಪು.

ಹತ್ತರ ಸುಮಾರಿಗೆ ಪುಷ್ಯ ನೆತ್ತಿಗೆ ಬಂತು. ಕರ್ಕಾಟಕದ ಮಧ್ಯೆ ಇರುವ ಆ ಮಬ್ಬು ಗುಚ್ಛ ನನ್ನ ಹವಾಮಾನ ಮಾಪಕ. ಕತ್ತಲೆಯಲ್ಲಿ ತೆಳುಮೋಡ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಬಂದರೆ ಮೊದಲು ಅಳಿಸಿಹೋಗುವುದು ಇಂಥ ಮಬ್ಬು. ಪ್ರಾಚೀನ ಗ್ರೀಕರೂ ಇದನ್ನೇ ನೋಡಿ ಬಿರುಗಾಳಿಯ ಸೂಚನೆ ಹೇಳುತ್ತಿದ್ದರು. ಅಂದು ಪುಷ್ಯ ನಿಚ್ಚಳವಾಗಿತ್ತು. ಉಪಗ್ರಹ ಹೇಳಿದ್ದು ಸರಿ.

ಎರಡು ದಾಟಿದಾಗ ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕು ನೆಟ್ಟಗೆ ನಿಂತ, ದಿಗಂತದಿಂದ ಹದಿನೇಳು ಹದಿನೆಂಟು ಡಿಗ್ರಿ ಮೇಲೆ. ಸ್ವರ್ಗಕ್ಕೂ ಸೇರದೆ ಭೂಮಿಗೂ ಬೀಳದೆ ಉಳಿದವನನ್ನು ನಮ್ಮ ಅಕ್ಷಾಂಶ ಭೂಮಿಯ ಕಡೆಗೇ ಸ್ವಲ್ಪ ಎಳೆದಿದೆ. ಅವನ ಎಡಮಗ್ಗುಲಿಗೆ ನಕ್ಷತ್ರವಿಲ್ಲದ ಕರಿ ತೇಪೆ, ಬೆಳಕನ್ನು ತಡೆದು ನಿಂತ ಧೂಳಿನ ಮೋಡ. ಅದು ಕಾಣುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಮೈಸೂರಿನ ಗುಮ್ಮಟ ಸಂಜೆಗಿಂತ ಅರ್ಧ ಕುಗ್ಗಿತ್ತು. ಅಂಗಡಿ ಮುಚ್ಚಿದ್ದು ಒಂದು ಕಾರಣ. ಇನ್ನೊಂದನ್ನು ಹುಡುಗ ಬಂಡೆ ಹತ್ತಿ ನೋಡಿ ಬಂದು ಹೇಳಿದ: “ಮಾಮ, ಕೆಳಗೆ ಊರುಗಳೇ ಇಲ್ಲ.” ಪಾಂಡವಪುರದ ಕಡೆಯ ಬಯಲು ಮಂಜಿನಲ್ಲಿ ಮುಚ್ಚಿಹೋಗಿತ್ತು. ಸಂಜೆ ನಾವು ತಪ್ಪಿಸಿಕೊಂಡು ಬಂದ ನಾಲೆಯ ತೇವವೇ ಈಗ ಕೆಳಗಿನ ದೀಪಗಳ ಮೇಲೆ ಹೊದಿಕೆಯಾಗಿತ್ತು. ಮಂಜಿನ ಒಳಗಿದ್ದರೆ ಕೇಡು, ಮೇಲಿದ್ದರೆ ಲಾಭ.

ಆ ಲಾಭವನ್ನು ಮೂರರಿಂದ ನಾಲ್ಕೂವರೆಯವರೆಗೆ ಉಂಡೆವು. ಕಿನ್ನರ ಮಂಡಲದ ಒಮೆಗಾ ಬರಿಗಣ್ಣಿಗೆ ಉಜ್ಜಿದ ಚುಕ್ಕಿ. ದೂರದರ್ಶಕದಲ್ಲಿ ಅಂಚಿನವರೆಗೂ ಚುಕ್ಕಿ ಚುಕ್ಕಿಯಾಗಿ ಬಿಡಿಸಿಕೊಂಡ ಗೋಳ. ಸುಮಾರು ಹದಿನೇಳು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಕೋಟಿಯಷ್ಟು ನಕ್ಷತ್ರಗಳು ಒಟ್ಟಾಗಿವೆ. ಇದುವರೆಗೆ ನಕ್ಷೆ, ಆ್ಯಪ್ ಎಂದೇ ಮಾತಾಡುತ್ತಿದ್ದ ಹುಡುಗ ದೂರದರ್ಶಕದ ಕಣ್ಣುಗಾಜನ್ನು ಬಿಟ್ಟುಕೊಡಲಿಲ್ಲ, ಮೇಷ್ಟ್ರು ಗದರಿಸಬೇಕಾಯಿತು. ನಾಲ್ಕರ ಹೊತ್ತಿಗೆ ಆಗ್ನೇಯದಲ್ಲಿ ವೃಶ್ಚಿಕವೂ ಧನುವೂ ಮೇಲೇರಿದ್ದವು, ಆಕಾಶಗಂಗೆಯ ದಪ್ಪ ಭಾಗವನ್ನು ಜೊತೆಗೆಳೆದುಕೊಂಡು.

ನಾಲ್ಕೂಮುಕ್ಕಾಲಿಗೆ ಕಣ್ಣುಗಾಜು ಬೆವರಿತು. ಕೂದಲು ಒಣಗಿಸುವ ಯಂತ್ರವನ್ನು ಕಾರಿನ ಬ್ಯಾಟರಿಗೆ ಸಿಕ್ಕಿಸಿ ಊದಿದೆವು, ಎರಡು ನಿಮಿಷಕ್ಕೆ ಮತ್ತೆ ಮಬ್ಬು. ಇಬ್ಬನಿ ಬಿಂದು ನಮ್ಮನ್ನೂ ಮುಟ್ಟಿತ್ತು. ಪೆಟ್ಟಿಗೆ ಕಟ್ಟಿದೆವು, ಹೊರಡಲಿಲ್ಲ. ಕೆಳಗೆ ಆ ಮಂಜಿನಲ್ಲಿ ಗಾಡಿ ಓಡಿಸುವುದು ಬುದ್ಧಿವಂತಿಕೆಯಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂಬದಿಗೆ ದೀಪ ಇರುತ್ತದೆ ಎಂದು ನಂಬಿದವರು ಮಂಡ್ಯದವರಲ್ಲ. ಎಂಟರವರೆಗೆ ಯಜಮಾನರ ಜಗುಲಿಯಲ್ಲಿ ಮಲಗಿದೆವು.

ಮುಂದಿನ ಅಮಾವಾಸ್ಯೆಯ ಲೆಕ್ಕವನ್ನು ಮೇಷ್ಟ್ರು ಕಾಫಿ ಕುಡಿಯುತ್ತಲೇ ತೆಗೆದರು. ಆಗ ಮಧ್ಯಾಹ್ನದ ಮಳೆಮೋಡಗಳು ಕಟ್ಟಲು ಶುರುವಾಗಿರುತ್ತವೆ. ಒಂದು ಒಳ್ಳೆಯ ಮಳೆ ಬಿದ್ದು ಧೂಳು ತೊಳೆದ ಮರುರಾತ್ರಿ ಸಿಕ್ಕಿದರೆ ಫೆಬ್ರುವರಿಯ ಆಕಾಶವನ್ನೂ ಮೀರಿಸುತ್ತದೆ. ನಾಲೆಯ ಸರದಿ ವಿಚಾರಿಸಬೇಕು, ಉಪಗ್ರಹ ನೋಡಬೇಕು. ಅವೆಲ್ಲ ಆದೀತು. ಅಮಾವಾಸ್ಯೆಯ ಮಾರನೆಯ ದಿನವೇ ಯುಗಾದಿ, ಹಿಂದಿನ ರಾತ್ರಿ ಮನೆಯಿಂದ ಹೊರಬೀಳಲು ಅನುಮತಿ ಪಡೆಯುವ ಕೆಲಸವನ್ನು ಇಬ್ಬರೂ ನನ್ನ ಮೇಲೆ ಹೊರಿಸಿದ್ದಾರೆ.