ಸ್ಪಾರ್ಟಕಸ್ ಯಾಕೆ ವಾಪಸ್ ಬಂದ?

ಭಾನುವಾರ, 16 ಜೂನ್ 2024
ರಾತ್ರಿ 11 ಗಂಟೆ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಎಲ್ಲಿಗೂ ಹೋಗಲಿಲ್ಲ. ಮೂರು ವಾರದಿಂದ ಚಾರ್ಟ್ ಪೇಪರಿನ ಮೇಲೆ ಗೀಚುತ್ತಿದ್ದ ನನ್ನ ರೋಮ್ ಆಟವನ್ನು (ಸ್ಪಾರ್ಟಕಸ್‌ನ ಮುಂದಾಳುತನದಲ್ಲಿ ಗುಲಾಮರು ರೋಮಿನ ಮೇಲೆ ದಂಗೆ ಎದ್ದ ಕಥೆ) ಕೊನೆಗೂ ಆಡಿ ನೋಡಿದೆವು. ಎದುರಾಳಿ ಅಕ್ಕನ ಮಗ. ಡಿಗ್ರಿ ಎರಡನೇ ವರ್ಷ. ಮೊಬೈಲಿನಲ್ಲಿ ಎಂಥೆಂಥದೋ ಯುದ್ಧದ ಆಟ ಆಡಿದವನು. ನನ್ನ ನಕ್ಷೆ ನೋಡಿದವನೇ ನಕ್ಕುಬಿಟ್ಟ.

ನಗುವಂಥದ್ದೇ ಬಿಡಿ. ಇಟಲಿಯನ್ನು ಸ್ಕೆಚ್ ಪೆನ್ನಿನಲ್ಲಿ ಬರೆದದ್ದು, ಬೂಟಿನ ಹಿಮ್ಮಡಿ ಊದಿಕೊಂಡ ಹಾಗಿದೆ. ಗುಲಾಮರ ಕಡೆಗೆ ಹುಣಸೆ ಬೀಜ, ಒಂದು ಬೀಜಕ್ಕೆ 2,000 ಜನ. ರೋಮಿನ ಕಡೆಗೆ ಹಳೇ ಶರ್ಟಿನ ಗುಂಡಿ. ಒಂದು ಗುಂಡಿಗೆ ಒಂದು ಲೀಜನ್, ಅಂದರೆ ಸುಮಾರು 5,000 ಕಾಲಾಳು. ಕಾರ್ಡುಗಳೆಲ್ಲ ಮನೆಗೆ ಬಂದಿದ್ದ ಮದುವೆ ಕಾಗದ ಕತ್ತರಿಸಿ ಮಾಡಿದ್ದು. ಈ ಜಿಪುಣತನದಿಂದ ಆಮೇಲೆ ಒಂದು ಎಡವಟ್ಟಾಯಿತು, ಹೇಳುತ್ತೇನೆ.

ಆಟ ಶುರುವಾಗೋದು ಕ್ರಿ.ಪೂ. 73ರಲ್ಲಿ, ಕಾಪುವಾ ಊರಿನಲ್ಲಿ. ಅಲ್ಲಿ ಲೆಂಟುಲಸ್ ಬಟಿಯಾಟಸ್ ಎಂಬವನ ಗ್ಲಾಡಿಯೇಟರ್ ಗರಡಿ. ಗ್ಲಾಡಿಯೇಟರ್ ಅಂದರೆ ಜನರ ಮೋಜಿಗೆ ಆಯುಧ ಹಿಡಿದು ಕಾದಾಡುವವರು, ಹೆಚ್ಚಿನವರು ಗುಲಾಮರು. ಸುಮಾರು 70 ಮಂದಿ ಅಡುಗೆಮನೆಯ ಚಾಕು, ಮಾಂಸ ಸುಡುವ ಸಲಾಕೆ ಹಿಡಿದು ತಪ್ಪಿಸಿಕೊಂಡರು. 70 ಜನಕ್ಕೆ ಒಂದು ಇಡೀ ಬೀಜ ಕೊಡೋದು ಜಾಸ್ತಿಯಾಯಿತು ಅಂತ ಚೂರಾದ ಬೀಜವೊಂದನ್ನು ಇಟ್ಟೆ. ಹುಡುಗ ಅದಕ್ಕೇ ಸ್ಪಾರ್ಟಕಸ್ ಅಂತ ಹೆಸರಿಟ್ಟ.

ನಾನು ರೋಮ್. ಕೇಳೋಕೆ ದೊಡ್ಡ ಹೆಸರು, ಮೊದಲ ಸುತ್ತುಗಳಲ್ಲಿ ಕೈ ಖಾಲಿ. ಒಳ್ಳೇ ಲೀಜನ್‌ಗಳೆಲ್ಲ ಆಗ ದೂರದಲ್ಲಿದ್ದವು. ಸೇನಾಪತಿ ಪಾಂಪೆ ಸ್ಪೇನಿನಲ್ಲಿ ಬಂಡೆದ್ದ ಸೆರ್ಟೋರಿಯಸ್ ಜೊತೆ ಕಾದಾಡುತ್ತಿದ್ದ, ಇನ್ನೊಬ್ಬ ಸೇನಾಪತಿ ಲುಕುಲಸ್ ಪೂರ್ವದಲ್ಲಿ ಪಾಂಟಸ್ ರಾಜ ಮಿತ್ರಿಡೇಟಸ್‌ನ ಬೆನ್ನು ಹತ್ತಿದ್ದ. ಓಡಿಹೋದ ಗುಲಾಮರನ್ನು ಹಿಡಿಯೋಕೆ ಕಳಿಸಿದ್ದು ಗ್ಲಾಬರ್ ಎಂಬವನ ಕೆಳಗೆ ಅವಸರಕ್ಕೆ ಒಟ್ಟುಹಾಕಿದ 3,000 ಜನ. ಅದಕ್ಕೆ ಒಂದು ಒಡೆದ ಗುಂಡಿ.

ಚೂರು ಬೀಜ ವೆಸುವಿಯಸ್ ಬೆಟ್ಟ ಹತ್ತಿತು. ಅದು ಬೆಂಕಿ ಉಗುಳಿ ಊರು ಮುಚ್ಚಿದ್ದು 150 ವರ್ಷ ಆದಮೇಲೆ, ಆಗ ತುದಿಯಲ್ಲಿ ಕಾಡು ದ್ರಾಕ್ಷಿ ಬಳ್ಳಿ. ಇಳಿಯೋಕೆ ಇದ್ದ ಒಂದೇ ದಾರಿಗೆ ನನ್ನ ಗುಂಡಿ ಅಡ್ಡ ಇಟ್ಟೆ. ಹುಡುಗ ಬಳ್ಳಿ ಕಾರ್ಡು ಎಸೆದ. ಬಳ್ಳಿ ಹೆಣೆದು ಏಣಿ ಮಾಡಿ, ಬಂಡೆಯ ಕಡೆಯಿಂದ ಇಳಿದು, ಪಾಳೆಯದ ಹಿಂದಿನಿಂದ ನುಗ್ಗೋದು. ಅವರು ಮಾಡಿದ್ದೂ ಅದನ್ನೇ. ಗುಂಡಿ ಡಬ್ಬಕ್ಕೆ ಹೋಯಿತು.

ಅಲ್ಲಿಂದ ಅವನದೇ ಆಟ. ಒಂದೊಂದು ಗೆಲುವಿಗೂ ಬೀಜ ಬಂದು ಸೇರುತ್ತಿತ್ತು. ರೋಮಿನ ಕಡೆಯ ವರಿನಿಯಸ್ ಬಂದ, ಸೋತ, ಕುದುರೆಯನ್ನೂ ಕಳೆದುಕೊಂಡ. ಕ್ರಿ.ಪೂ. 72ಕ್ಕೆ ರೋಮಿನ ಅತಿ ದೊಡ್ಡ ಅಧಿಕಾರಿಗಳಾದ ಇಬ್ಬರು ಕಾನ್ಸಲ್‌ಗಳು ಬಂದರು, ಅವರೂ ಸೋತರು. ಉತ್ತರಕ್ಕೆ ಹೋಗಿ ಮುಟಿನಾದಲ್ಲಿ (ಈಗಿನ ಮೊಡೆನಾ) ಕ್ಯಾಸಿಯಸ್‌ನ 10,000 ಜನರನ್ನೂ ಹೊಡೆದ. ಮುಂದೆ ಇಟಲಿಯ ಉತ್ತರದ ಆಲ್ಪ್ಸ್ ಬೆಟ್ಟಸಾಲು. ಬೀಜಗಳನ್ನೆಲ್ಲ ಬೊಗಸೆಯಲ್ಲಿ ಎತ್ತಿ ನಕ್ಷೆಯ ಆಚೆ ಸುರಿದ.

"ಮುಗೀತು ಮಾಮ. ಗೆದ್ದೆ."

ಮೂರು ವಾರದ ಕೆಲಸ, ನಲವತ್ತು ನಿಮಿಷ.

"ಹಾಗೆ ಹೋಗೋ ಹಾಗಿಲ್ಲ ಕಣೋ. ಅವನು ಅಲ್ಲಿಂದ ವಾಪಸ್ ಬಂದ."

"ಅವನು ಬಂದ. ನಾನ್ಯಾಕೆ ಬರಲಿ?"

ಸುಮ್ನೆ ಪೆನ್ ತಗೊಂಡು ಒಂದು ನಿಯಮ ಸೇರಿಸಿದೆ: ಮುಟಿನಾ ಗೆದ್ದವನು ದಕ್ಷಿಣಕ್ಕೆ ತಿರುಗಲೇಬೇಕು. "ಇದು ಶುದ್ಧ ಮೋಸ" ಅಂದ. ಹೌದು, ಮೋಸವೇ. ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದದ್ದನ್ನು ಹೇಳಿದೆ: ಆಲ್ಪ್ಸ್ ದಾಟಿ, ಥ್ರೇಸಿನವರು ಥ್ರೇಸಿಗೆ (ಈಗಿನ ಬಲ್ಗೇರಿಯಾ ಕಡೆ), ಗಾಲಿನವರು ಗಾಲಿಗೆ (ಈಗಿನ ಫ್ರಾನ್ಸ್ ಕಡೆ) ಹೋಗಲಿ ಅನ್ನೋದು ಸ್ಪಾರ್ಟಕಸ್‌ನ ಲೆಕ್ಕ. ಜೊತೆಯವರು ಗೆದ್ದು ಗೆದ್ದು ಸೊಕ್ಕಿ ಮಾತು ಕೇಳಲಿಲ್ಲ, ಇಟಲಿಯನ್ನೇ ದೋಚುತ್ತಾ ಹೊರಟರು. ಹುಡುಗನಿಗೆ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಹಿಡಿಸಿಲ್ಲ. ಪ್ಲುಟಾರ್ಕ್ ಹುಟ್ಟಿದ್ದೇ ಈ ಯುದ್ಧ ಮುಗಿದು ನೂರಕ್ಕೂ ಹೆಚ್ಚು ವರ್ಷ ಆದಮೇಲೆ. ದಂಗೆಯವರದೇ ಮಾತು ಒಂದೂ ಉಳಿದಿಲ್ಲ.

"ಈ ಬೀಜ ಎಲ್ಲ ಯಾರು ಮಾಮ? ಎಲ್ಲಿಂದ ಬಂದು ಸೇರಿಕೊಂಡ್ರು?"

ದನ ಕಾಯುವವರು, ಕುರಿ ಕಾಯುವವರು. ಹೊಲಗದ್ದೆಯಲ್ಲಿ ದುಡಿಯುತ್ತಿದ್ದ ಬಡವರು, ಗುಲಾಮರಲ್ಲದವರೂ ಇದ್ದರು ಅಂತ ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ.

"ಮತ್ತೆ ಅವರಿಗೆ ಆಲ್ಪ್ಸ್ ಆಚೆ ಯಾರಿದ್ದಾರೆ?"

ನಾನು ಎದ್ದು ಅಡುಗೆಮನೆಗೆ ಹೋಗಿ ಒಂದು ಬೊಗಸೆ ಅವರೆಕಾಳು ತಂದೆ.

ಮಧ್ಯಾಹ್ನ ಊಟ ಮುಗಿಸಿ ಎರಡನೇ ಆಟ. ಈ ಸಲ ಆಚೆ ನಾಡಿನವರು ಹುಣಸೆ ಬೀಜ, ಇಟಲಿಯಲ್ಲೇ ಸೇರಿದವರು ಅವರೆಕಾಳು. ಕಾಳು ಆಲ್ಪ್ಸ್ ದಾಟೋದಿಲ್ಲ. ತಿರುಗಲೇಬೇಕು ಅನ್ನೋ ನಿಯಮ ಹೊಡೆದುಹಾಕಿದೆ. ಮುಟಿನಾ ತಲುಪಿದಾಗ ಅವನ ಹತ್ತಿರ 12 ಬೀಜ, 31 ಕಾಳು. ಬೀಜಗಳನ್ನು ಅಂಗೈಯಲ್ಲಿ ಹಿಡಿದುಕೊಂಡ, ಕಾಳು ನೋಡಿದ, ಮತ್ತೆ ಬೀಜ ನೋಡಿದ. ಐದು ನಿಮಿಷ ಮಾತಿಲ್ಲ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಸೇರಿಸಿ ದಕ್ಷಿಣಕ್ಕೆ ತಳ್ಳಿದ. ನಾನು ಏನೂ ಹೇಳಿರಲಿಲ್ಲ.

ಇನ್ನು ನನ್ನ ಕಾಲ. ರೋಮ್ ಎದ್ದು ಕೂತು ಕ್ರಾಸಸ್‌ನ ಕೈಗೆ 8 ಲೀಜನ್ ಕೊಟ್ಟಿತು. ಈ ಕ್ರಾಸಸ್ ಆಸಾಮಿ ಓಡಿಬಂದ ತನ್ನದೇ 500 ಸೈನಿಕರನ್ನು ಹತ್ತು ಹತ್ತರ ಗುಂಪು ಮಾಡಿ, ಗುಂಪಿಗೊಬ್ಬನಂತೆ ಚೀಟಿ ಎತ್ತಿ ಕೊಲ್ಲಿಸಿದವನು. ಆ ಕಾರ್ಡು ಆಡಿದರೆ ನನ್ನ ಗುಂಡಿಗಳು ಹಿಮ್ಮೆಟ್ಟೋದಿಲ್ಲ. ಆಡಿದೆ. ಹಿಂಸೆ ಅನ್ನಿಸಿತು, ಆದರೆ ಆಡಿದೆ.

ಬೂಟಿನ ತುದಿಗೆ, ರೆಗಿಯಂ ಕಡೆಗೆ ದಬ್ಬಿದೆ. ಎದುರಿಗೆ ಸಿಸಿಲಿ. ಅಲ್ಲಿ ಕ್ರಿ.ಪೂ. 135ರಲ್ಲಿ ಒಮ್ಮೆ, 104ರಲ್ಲಿ ಇನ್ನೊಮ್ಮೆ ಗುಲಾಮರು ಎದ್ದಿದ್ದರು. ಒಂದಷ್ಟು ಜನ ದಾಟಿದರೆ ಸಾಕು, ಮತ್ತೆ ಬೆಂಕಿ ಹತ್ತುತ್ತಿತ್ತು. 2,000 ಜನರನ್ನು ದಾಟಿಸುತ್ತೇವೆ ಅಂತ ಸಿಲಿಸಿಯಾದ (ಈಗಿನ ಟರ್ಕಿಯ ದಕ್ಷಿಣ ಕರಾವಳಿ) ಕಡಲ್ಗಳ್ಳರು ಮಾತು ಕೊಟ್ಟು, ಕಾಣಿಕೆ ತಗೊಂಡು, ಹಡಗು ಬಿಟ್ಟುಕೊಂಡು ಹೋಗಿಬಿಟ್ಟಿದ್ದರು. ಆಟದಲ್ಲಿ ಕಡಲ್ಗಳ್ಳರ ಕಾರ್ಡು ಎರಡು. ಒಂದರಲ್ಲಿ ದಾಟಿಸುತ್ತಾರೆ, ಇನ್ನೊಂದರಲ್ಲಿ ಕೈ ಕೊಡುತ್ತಾರೆ. ಎರಡನ್ನೂ ಕವುಚಿ ಇಟ್ಟೆ. ಹುಡುಗ ಕಿಸಕ್ಕನೆ ನಕ್ಕು ಬೇಡ ಅಂದ. ಕೈ ಕೊಡುವ ಕಾರ್ಡಿನ ಹಿಂದೆ ಅರ್ಧ ಗಣಪತಿ ಇದ್ದಾನೆ, ಅದು ಬೆಳಿಗ್ಗೆಯೇ ಅವನ ಕಣ್ಣಿಗೆ ಬಿದ್ದಿದೆ. ಇನ್ನೊಂದು ಕಾರ್ಡಿನ ಮೇಲೆ ಏನಿದೆ ಗೊತ್ತಾ? ಉಳಿದರ್ಧ ಗಣಪತಿ. ಯಾವುದು ಯಾವುದು ಅಂತ ಮರೆತು ಎರಡನ್ನೂ ಬಿಟ್ಟನಂತೆ!

ನಾನು ಕಂದಕ ತೋಡಿದೆ. ಕ್ರಾಸಸ್ ತೋಡಿಸಿದ್ದು 300 ಸ್ಟೇಡಿಯಾ, ಸುಮಾರು 55 ಕಿಲೋಮೀಟರ್, 15 ಅಡಿ ಅಗಲ, ಅಷ್ಟೇ ಆಳ, ಸಮುದ್ರದಿಂದ ಸಮುದ್ರಕ್ಕೆ. ನಾನು ಹೊಲಿಗೆ ದಾರ ಇಟ್ಟೆ. ಹಿಮ ಬೀಳೋ ರಾತ್ರಿ ಮಣ್ಣು, ಮರದ ಕೊಂಬೆ ತುಂಬಿ ಅವರು ದಾಟಿದ ಹಾಗೆ ಇವನಿಗೂ ಒಂದು ಅವಕಾಶ ಇತ್ತು. ಎರಡು ದಾಳದಲ್ಲಿ ಹತ್ತು ಬೀಳಬೇಕು. ಹನ್ನೊಂದು ಬಿತ್ತು. ಆದರೆ ದಾಟಿದ್ದು ಮೂರನೇ ಒಂದು ಪಾಲು. ಅಷ್ಟರಲ್ಲಿ ಸ್ಪೇನಿನಿಂದ ಪಾಂಪೆ, ಬ್ರುಂಡಿಸಿಯಂ ಬಂದರಿಗೆ ಇನ್ನೊಬ್ಬ ಲುಕುಲಸ್ ಬಂದರು. ಕ್ರಿ.ಪೂ. 71ರ ಆ ಕೊನೇ ಕಾಳಗಕ್ಕೆ ಮುಂಚೆ ಸ್ಪಾರ್ಟಕಸ್ ತನ್ನ ಕುದುರೆಯನ್ನು ಕೊಂದನಂತೆ. ಗೆದ್ದರೆ ಬೇಕಾದಷ್ಟು ಕುದುರೆ ಸಿಗುತ್ತವೆ, ಸೋತರೆ ಕುದುರೆಯೇ ಬೇಡ ಅಂತ. ಅವನ ಹೆಣ ಸಿಗಲೇ ಇಲ್ಲ.

ಸೆರೆ ಸಿಕ್ಕ 6,000 ಜನರನ್ನು ಕಾಪುವಾದಿಂದ ರೋಮಿನವರೆಗೆ ಆಪಿಯಾ ಹೆದ್ದಾರಿಯುದ್ದಕ್ಕೂ ಶಿಲುಬೆಗೆ ಏರಿಸಿದರು ಅಂದೆ.

"ಮೂರೇ ಬೀಜ" ಅಂದ.

ಮೊಬೈಲ್ ತೆಗೆದು ಲೆಕ್ಕ ಹಾಕಿದ. ಹತ್ತಿರ ಹತ್ತಿರ 200 ಕಿಲೋಮೀಟರ್. 33 ಮೀಟರಿಗೆ ಒಂದು ಕಂಬ. ಕಿಟಕಿಯಿಂದ ನಮ್ಮ ಬೀದಿಯ ಲೈಟು ಕಂಬಗಳನ್ನು ನೋಡಿದ. ಅವು ಇದಕ್ಕಿಂತ ದೂರ ದೂರ ಇವೆ.

ಸಂಜೆ ಅಕ್ಕ ಬಂದಳು, ಮಗನನ್ನು ಕರೆದುಕೊಂಡು ಹೋಗೋಕೆ. ಮುಂದಿನ ವಾರ ಮೂರು ಜನ ಆಡೋಣ, ಕ್ರಾಸಸ್ ಬೇರೆ, ಪಾಂಪೆ ಬೇರೆ ಅಂತ ಹುಡುಗನ ಹಟ. ಪಾಂಪೆ ಮಾಡಿದ್ದು ಇಷ್ಟೇ: ಓಡಿಹೋಗುತ್ತಿದ್ದ 5,000 ಜನರನ್ನು ದಾರಿಯಲ್ಲಿ ಹಿಡಿದು ಕೊಂದು, ಯುದ್ಧದ ಬೇರು ಕಿತ್ತವನು ನಾನೇ ಅಂತ ರೋಮಿನ ಹಿರಿಯರ ಸಭೆಯಾದ ಸೆನೆಟ್‌ಗೆ ಬರೆದ. ಕಂದಕ ತೋಡಿದ ಕ್ರಾಸಸ್‌ಗೆ ಸಿಕ್ಕಿದ್ದು ಗೆಲುವಿನ ಚಿಕ್ಕ ಮೆರವಣಿಗೆ, ಸೋತವರು ಗುಲಾಮರು ತಾನೆ ಅಂತ.

ಅಕ್ಕ ಅವರೆಕಾಳನ್ನು ಹೆಕ್ಕಿ ಡಬ್ಬಕ್ಕೆ ಹಾಕುತ್ತಾ ಕೇಳಿಸಿಕೊಂಡಳು.

"ಅಡುಗೆ ಎಲ್ಲ ಬೇರೆಯವರು ಮಾಡಿಟ್ಟ ಮೇಲೆ ಬಂದು ಒಗ್ಗರಣೆ ಹಾಕಿ ಹೆಸರು ತಗೊಳ್ಳೋನು ತಾನೆ? ಅವನನ್ನ ನನಗೆ ಕೊಡು."