ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುವ ಮೊದಲು ಮೂತ್ರ ಎಷ್ಟು ಅಂತ ಕೇಳಿ

ಮಳೆ ಹಿಡಿದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನೀರು ನಿಂತ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಡೆಂಗ್ಯೂ ಏರುತ್ತದೆ. ಆಮೇಲೆ ಊರೆಲ್ಲ ಒಂದೇ ಮಾತು: ಪ್ಲೇಟ್‌ಲೆಟ್ ಎಷ್ಟಕ್ಕಿಳಿಯಿತು? ಮಗು ಕೊನೆಯ ಸಲ ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಮಾತ್ರ ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ. ಕೆಲವೊಮ್ಮೆ ಕೇಸ್ ಶೀಟಿನಲ್ಲೂ ಆ ಕಾಲಂ ಖಾಲಿ. ತೀರಾ ಕಾಯಿಲೆ ಬಿದ್ದ ಮಗುವಿನ ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಅನ್ನುವ ಸುಳಿವು ಹೆಚ್ಚಾಗಿ ಮೊದಲು ಸಿಗಬೇಕಾದದ್ದು ಅಲ್ಲೇ.

ವೈರಸ್ ನೇರವಾಗಿ ಕಿಡ್ನಿಯನ್ನೇ ತಿನ್ನುವುದು ಅಪರೂಪ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಹೊಟ್ಟೆಗೂ ಎದೆಗೂಡಿಗೂ ಸೋರುತ್ತದೆ. ಒಳಗೆ ಉಳಿದ ರಕ್ತ ದಪ್ಪವಾಗಿ ಕಿಡ್ನಿಗೆ ಹರಿವು ಕಡಿಮೆಯಾಗುತ್ತದೆ. ಮೊದಲ ಕೆಲವು ಗಂಟೆ ಕಿಡ್ನಿ ಸುಮ್ಮನೆ ನೀರು ಉಳಿಸುತ್ತಿರುತ್ತದೆ, ಸರಿಯಾಗಿ ದ್ರವ ಕೊಟ್ಟರೆ ಹಿಂದಿರುಗುತ್ತದೆ. ತಡವಾದರೆ ಒಳಗಿನ ನಾಳಗಳ ಕೋಶಗಳೇ ಸಾಯುತ್ತವೆ, ಆಮೇಲೆ ಎಷ್ಟು ಡ್ರಿಪ್ ಹಾಕಿದರೂ ಮೂತ್ರ ಬರುವುದಿಲ್ಲ. ರೋಟಾವೈರಸ್ ವಾಂತಿ-ಭೇದಿಯಲ್ಲೂ ದಾರಿ ಇದೇ. ಇನ್‌ಫ್ಲುಯೆಂಜಾದಲ್ಲಿ ಬೇರೆ: ಜ್ವರ ಬಿಡುವಾಗ ಮೀನಖಂಡ ನೋವು ಅಂತ ಮಗು ನಡೆಯದೇ ಹೋದರೆ ಸ್ನಾಯು ಒಡೆಯುತ್ತಿರಬಹುದು. ಹೆಚ್ಚಿನ ಮಕ್ಕಳಿಗೆ ಅದು ತಾನಾಗಿ ವಾಸಿಯಾಗುತ್ತದೆ. ಆದರೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಪಟ್ಟಿ ಪರೀಕ್ಷೆಯಲ್ಲಿ ರಕ್ತ ಇದೆ ಅಂತ ಬಂದು, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣ ಕಾಣದಿದ್ದರೆ ಅದು ಒಡೆದ ಸ್ನಾಯುವಿನಿಂದ ಹೊರಬಂದು ಕಿಡ್ನಿ ಕೆಡಿಸಬಲ್ಲ ಮಯೋಗ್ಲೋಬಿನ್. ಸ್ನಾಯು ಹಾನಿ ತೋರಿಸುವ ಸಿಪಿಕೆ ರಕ್ತಪರೀಕ್ಷೆಗೆ ಕಳಿಸಿ.

ಇನ್ನು ಕ್ರಿಯೇಟಿನಿನ್, ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕಸ. ಲ್ಯಾಬ್ ಚೀಟಿಯಲ್ಲಿ ಅಚ್ಚಾಗಿರುವ 0.6ರಿಂದ 1.2 (ಡೆಸಿಲೀಟರಿಗೆ ಮಿ.ಗ್ರಾಂ) ಅನ್ನುವುದು ದೊಡ್ಡವರ ಲೆಕ್ಕ. ಎರಡು ವರ್ಷದ, 86 ಸೆಂ.ಮೀ. ಎತ್ತರದ, 12 ಕೆ.ಜಿ. ಮಗುವನ್ನು ತೆಗೆದುಕೊಳ್ಳಿ. ಹಳೆಯ ವರದಿ ಇಲ್ಲದಿದ್ದರೆ ಮೂಲ ಮಟ್ಟವನ್ನು ಅಂದಾಜು ಮಾಡುವ ಕ್ರಮ ಸುಲಭ: ಎತ್ತರವನ್ನು 0.413ರಿಂದ ಗುಣಿಸಿ 120ರಿಂದ ಭಾಗಿಸುವುದು. ಈ ಮಗುವಿಗೆ ಸುಮಾರು 0.3 ಬರುತ್ತದೆ. ವರದಿ 0.7 ಅಂತ ಬಂದರೆ ಲ್ಯಾಬಿನ ಕಣ್ಣಿಗೆ ನಾರ್ಮಲ್, ಕೆಳಗೆ ಗೆರೆಯೂ ಬೀಳುವುದಿಲ್ಲ. ಆದರೆ ಅದು ಎರಡು ಪಟ್ಟಿಗಿಂತ ಹೆಚ್ಚು, ಅಂದರೆ ಎರಡನೇ ಹಂತದ ಕಿಡ್ನಿ ಹಾನಿ. 2012ರ ಕೆಡಿಗೋ (ಕಿಡ್ನಿ ರೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿ) ಮಾನದಂಡದ ಪ್ರಕಾರ 48 ಗಂಟೆಯೊಳಗೆ 0.3 ಏರಿದರೂ ಸಾಕು, ಏಳು ದಿನದಲ್ಲಿ ಮೂಲದ ಒಂದೂವರೆ ಪಟ್ಟಾದರೂ ಸಾಕು. ಇನ್ನೊಂದು ಮೋಸವಿದೆ. ಹಾಕಿದ ದ್ರವ ರಕ್ತವನ್ನು ತೆಳುವಾಗಿಸುತ್ತದೆ. ಇದೇ ಮಗುವಿನಲ್ಲಿ 1.2 ಲೀಟರ್ ಹೆಚ್ಚುವರಿ ಉಳಿದಿದ್ದರೆ ವರದಿಯ 0.6 ನಿಜದಲ್ಲಿ 0.7.

2017ರಲ್ಲಿ ಪ್ರಕಟವಾದ ‘ಅವೇರ್’ ಅಧ್ಯಯನ ಹಲವು ದೇಶಗಳ ಮಕ್ಕಳ ಐಸಿಯುಗಳಲ್ಲಿ 4,683 ರೋಗಿಗಳನ್ನು ನೋಡಿತು. 26.9 ಶೇಕಡಾ ಮಂದಿಗೆ ಕಿಡ್ನಿ ಹಾನಿ ಆಗಿತ್ತು. ಮೂತ್ರ ಕಡಿಮೆಯಾಗಿದ್ದವರಲ್ಲಿ 67.2 ಶೇಕಡಾ ಮಂದಿಯ ಹಾನಿ ಕ್ರಿಯೇಟಿನಿನ್ ಒಂದನ್ನೇ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಲ್ಯಾಬ್ ಮುಚ್ಚಿದ್ದರೂ ಈ ರೋಗ ಪತ್ತೆ ಮಾಡಬಹುದು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಬೇಕಾದ್ದು ಒಂದು ತಕ್ಕಡಿ.

ಒಣ ನ್ಯಾಪಿ ತೂಗಿ ಬರೆದಿಡಿ, ಒದ್ದೆಯಾದ ಮೇಲೆ ಮತ್ತೆ ತೂಗಿ. ಹೆಚ್ಚಾದ ಒಂದು ಗ್ರಾಂ ಅಂದರೆ ಒಂದು ಮಿ.ಲೀ. ಭೇದಿ ಇದ್ದರೆ ಇದು ಕೆಡುತ್ತದೆ, ಆಗ ಮೂತ್ರದ ಚೀಲ ಅಂಟಿಸಿ ಅಥವಾ ಮೂತ್ರಕೋಶಕ್ಕೆ ಕ್ಯಾತಿಟರ್ ಕೊಳವೆ ಹಾಕಿ. ಪ್ಲೇಟ್‌ಲೆಟ್ ಕಡಿಮೆ ಅನ್ನುವ ಹೆದರಿಕೆಗೆ ಶಾಕ್‌ನಲ್ಲಿರುವ, ಅಂದರೆ ರಕ್ತದ ಹರಿವು ಕುಸಿದ ಮಗುವಿಗೆ ಕ್ಯಾತಿಟರ್ ತಪ್ಪಿಸುವುದು ಸರಿಯಲ್ಲ, ಮೃದುವಾದ ಸಣ್ಣದನ್ನು ನುರಿತ ಕೈ ಹಾಕಲಿ. ಕೆ.ಜಿ.ಗೆ ಗಂಟೆಗೆ 0.5 ಮಿ.ಲೀ.ಗಿಂತ ಕಡಿಮೆ ಆರು ಗಂಟೆ ನಡೆದರೆ ಮೊದಲ ಹಂತ, ಹನ್ನೆರಡು ಗಂಟೆ ನಡೆದರೆ ಎರಡನೆಯದು. 12 ಕೆ.ಜಿ. ಮಗುವಿಗೆ ಆರು ಗಂಟೆಗೆ 36 ಮಿ.ಲೀ., ಏಳು ಟೀ ಚಮಚ. ಅಷ್ಟೂ ಆಗಿಲ್ಲವೆಂದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ. ಕ್ಯಾತಿಟರ್ ಇದ್ದೂ ಮೂತ್ರವಿಲ್ಲದಿದ್ದರೆ ಮೊದಲು ಕೊಳವೆ ಮಡಚಿಲ್ಲವೇ, ಕಟ್ಟಿಲ್ಲವೇ ನೋಡಿ. ಎಷ್ಟೋ ಸಲ ತೊಂದರೆ ಹಾಸಿಗೆಯ ಅಂಚಿನಲ್ಲೇ ಇರುತ್ತದೆ.

ದ್ರವದ ವಿಷಯದಲ್ಲಿ ಎರಡೂ ಕಡೆ ತಪ್ಪು ಆಗುತ್ತದೆ. ಅಪಾಯದ ಲಕ್ಷಣ ಇದ್ದು ಶಾಕ್ ಇಲ್ಲದ ಡೆಂಗ್ಯೂ ಮಗುವಿಗೆ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಕೆ.ಜಿ.ಗೆ ಗಂಟೆಗೆ 5–7 ಮಿ.ಲೀ. ಒಂದೆರಡು ಗಂಟೆ, ಆಮೇಲೆ 3–5ಕ್ಕೆ, ಆಮೇಲೆ 2–3ಕ್ಕೆ ಇಳಿಸಬೇಕು. ಪ್ರತಿ ಸಲ ಹೆಮಟೋಕ್ರಿಟ್ (ರಕ್ತ ಎಷ್ಟು ದಪ್ಪವಾಗಿದೆ ಅನ್ನುವ ಅಳತೆ), ನಾಡಿ, ಕೈಕಾಲಿನ ಬಿಸಿ ನೋಡಿಯೇ ಇಳಿಸುವುದು. ಕಡಿಮೆ ಉಪ್ಪಿನ ಮಕ್ಕಳ ಡ್ರಿಪ್ ಇಲ್ಲಿ ಬೇಡ: ಅದು ಸೋರುವ ನಾಳದಲ್ಲಿ ನಿಲ್ಲುವುದಿಲ್ಲ, ಸೋಡಿಯಂ ಇಳಿಸುತ್ತದೆ, ಅದರಲ್ಲಿ ಪೊಟ್ಯಾಸಿಯಂ ಬೇರೆ ಇರುತ್ತದೆ. ಗುರಿ ಗಂಟೆಗೆ ಕೆ.ಜಿ.ಗೆ 0.5–1 ಮಿ.ಲೀ. ಮೂತ್ರ, ಅಷ್ಟೇ. ಬಕೆಟ್ ತುಂಬಿಸುವ ಹುಮ್ಮಸ್ಸು ಬೇಡ. ಸೋರಿಕೆ 24ರಿಂದ 48 ಗಂಟೆಯಲ್ಲಿ ನಿಲ್ಲುತ್ತದೆ, ಸೋರಿದ್ದು ವಾಪಸ್ ರಕ್ತಕ್ಕೆ ಬರುತ್ತದೆ. ಆಗಲೂ ಅದೇ ವೇಗದಲ್ಲಿ ಡ್ರಿಪ್ ಓಡುತ್ತಿದ್ದರೆ ಮಗು ಉಸಿರಿಗೆ ಒದ್ದಾಡುತ್ತದೆ. ಒಳಗೆ ಹೋದದ್ದರಿಂದ ಹೊರಬಂದದ್ದನ್ನು ಲೀಟರಿನಲ್ಲಿ ಕಳೆದು, ದಾಖಲಾದ ದಿನದ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. 12 ಕೆ.ಜಿ.ಗೆ 1.2 ಲೀಟರ್ ಉಳಿದರೆ ಹತ್ತು ಶೇಕಡಾ. ಅಲ್ಲಿಂದ ಮುಂದೆ ಫಲಿತಾಂಶ ಕೆಡುತ್ತಾ ಹೋಗುತ್ತದೆ.

ಹೊಟ್ಟೆಯ ಒತ್ತಡವನ್ನು ಬಹಳ ಜನ ಮರೆಯುತ್ತಾರೆ. ದ್ರವ ತುಂಬಿ ಹೊಟ್ಟೆ ಬಿಗಿಯಾದಾಗ ಕಿಡ್ನಿಯ ರಕ್ತನಾಳ ಅದುಮಿಹೋಗಿ ಮೂತ್ರ ನಿಲ್ಲುತ್ತದೆ. ಇನ್ನಷ್ಟು ದ್ರವ ಕೊಟ್ಟರೆ ಇನ್ನಷ್ಟು ಬಿಗಿ. ಕ್ಯಾತಿಟರ್ ಮೂಲಕ ಮೂತ್ರಕೋಶಕ್ಕೆ ಕೆ.ಜಿ.ಗೆ 1 ಮಿ.ಲೀ., ಹೆಚ್ಚೆಂದರೆ 25 ಮಿ.ಲೀ. ಸಲೈನ್ ಬಿಟ್ಟು ಒತ್ತಡ ಅಳೆಯಬಹುದು. ಮಕ್ಕಳಲ್ಲಿ 10 ಮಿ.ಮೀ. ಪಾದರಸ ದಾಟಿ, ಜೊತೆಗೆ ಅಂಗವೊಂದು ಹೊಸದಾಗಿ ಕೈಕೊಟ್ಟರೆ ಅದು ತುರ್ತು. ಲ್ಯಾಸಿಕ್ಸ್ ಕೊಟ್ಟು ಮೂತ್ರ ಹಿಂಡುವ ಅಭ್ಯಾಸವನ್ನು ನಾನಂತೂ ಒಪ್ಪುವುದಿಲ್ಲ. ಅದು ಹೆಚ್ಚುವರಿ ನೀರು ತೆಗೆಯುವ ಔಷಧಿ, ಕಿಡ್ನಿ ವಾಸಿ ಮಾಡುವುದಲ್ಲ. ರಕ್ತನಾಳದೊಳಗೆ ದ್ರವ ಕಡಿಮೆ ಇರುವ ಮಗುವಿಗೆ ಕೊಟ್ಟರೆ ಇದ್ದದ್ದೂ ಹೋಗುತ್ತದೆ.

ಮನೆಯಿಂದಲೇ ಆಗುವ ಹಾನಿ ಸಿರಪ್ಪಿನದು. ಒಣಗಿದ ಮಗುವಿನ ಕಿಡ್ನಿಗೆ ರಕ್ತ ಬಿಡುವ ನಾಳವನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ದೇಹದ್ದೇ ರಾಸಾಯನಿಕ; ನೋವಿನ ಔಷಧಿಗಳಾದ ಐಬುಪ್ರೊಫೇನ್ ಮತ್ತು ಮೆಫೆನಾಮಿಕ್ ಆಮ್ಲ ಅದನ್ನೇ ನಿಲ್ಲಿಸುತ್ತವೆ. ಎಷ್ಟೋ ಜ್ವರದ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇವೂ ಸೇರಿರುತ್ತವೆ, ಬಾಟಲಿಯ ಸಣ್ಣಕ್ಷರ ಓದಿ. ಬರೀ ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ, ಆರು ಗಂಟೆ ಅಂತರ. 12 ಕೆ.ಜಿ.ಗೆ 180 ಮಿ.ಗ್ರಾಂ: 5 ಮಿ.ಲೀ.ಗೆ 120 ಇರುವ ಸಿರಪ್ ಆದರೆ 7.5 ಮಿ.ಲೀ., 250 ಇರುವುದಾದರೆ 3.6. ಜ್ವರಕ್ಕೆ ಡೈಕ್ಲೋಫೆನಾಕ್ ಸೂಜಿಯಂತೂ ಬೇಡವೇ ಬೇಡ. ವಾರ್ಡಿನಲ್ಲಿ ಕಿಡ್ನಿ ಕೆಡಿಸಬಲ್ಲ ಆ್ಯಂಟಿಬಯೋಟಿಕ್‌ಗಳಾದ ಅಮಿಕಾಸಿನ್, ಜೆಂಟಾಮೈಸಿನ್ ಚೀಟಿಯಲ್ಲಿ ಉಳಿದಿವೆಯೇ ನೋಡಿ.

ಎಳನೀರಿನ ಬಗ್ಗೆ ನಮ್ಮ ಕಡೆ ಹೇಳಲೇಬೇಕು. ಮೂತ್ರ ಚೆನ್ನಾಗಿ ಹೋಗುತ್ತಿರುವ ಮಗುವಿಗೆ ತೊಂದರೆಯಿಲ್ಲ. ಮೂತ್ರ ನಿಂತ ಮಗುವಿಗೆ ಅದರಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ. ಓಆರ್‌ಎಸ್ ಕೂಡ ಆಗ ಡಾಕ್ಟರ್ ಹೇಳಿದಷ್ಟೇ. ದಾರೆಹುಳಿ, ಬಿಂಬುಳಿ ರಸ ತಂಪು ಅಂತ ಕುಡಿಸುವವರಿದ್ದಾರೆ, ಅವುಗಳ ಆಕ್ಸಲೇಟ್ ತಾನೇ ಕಿಡ್ನಿ ಕೆಡಿಸಬಲ್ಲದು.

ಮಲೆನಾಡಿನಲ್ಲಿ ಎಲ್ಲ ಜ್ವರವೂ ವೈರಸ್ಸಲ್ಲ. ಇಲಿ ಜ್ವರದಲ್ಲಿ ಕಣ್ಣು ಕೆಂಪಗೆ, ಮೀನಖಂಡ ನೋವು, ಕಾಮಾಲೆ. ಅದರಲ್ಲಿ ಮೂತ್ರ ಸಾಕಷ್ಟು ಬರುತ್ತಿದ್ದೂ, ಪೊಟ್ಯಾಸಿಯಂ ಕಡಿಮೆಯಿದ್ದೂ ಕಿಡ್ನಿ ಕೆಟ್ಟಿರಬಹುದು. ಹಾಗಾಗಿ ಅಲ್ಲಿ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ನುಸಿಯಂಥ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆಯನ್ನು ಕಂಕುಳು, ತೊಡೆಸಂದು, ಕಿವಿ ಹಿಂದೆ ಬಟ್ಟೆ ಬಿಚ್ಚಿ ಹುಡುಕಿ. ಇವೆರಡಕ್ಕೂ ಔಷಧಿ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಿಂದ ಗೊತ್ತಾದ ಮಂಗನ ಕಾಯಿಲೆಗೆ ಇನ್ನೂ ನಿರ್ದಿಷ್ಟ ಔಷಧಿ ಇಲ್ಲ. ಅದರ ಕಾಲವೂ ಬೇರೆ, ಡಿಸೆಂಬರಿನಿಂದ ಮೇ. ಆದರೆ ಒಳ-ಹೊರ ಲೆಕ್ಕ ಅಲ್ಲೂ ಇದೇ.

ಶಿವಮೊಗ್ಗಕ್ಕೋ ಘಟ್ಟ ಇಳಿಸಿ ಮಣಿಪಾಲಕ್ಕೋ ಕಳಿಸುವುದಾದರೆ ಬೇಗ ಕಳಿಸಿ, ಮಳೆಗಾಲದ ಘಟ್ಟದ ರಸ್ತೆಯನ್ನು ಲೆಕ್ಕಕ್ಕೆ ಹಿಡಿದೇ ನಿರ್ಧರಿಸಿ. 108 ಹತ್ತಿಸುವ ಮೊದಲು ಇಸಿಜಿ ತೆಗೆಯಿರಿ. ಟಿ ಅಲೆ ಚೂಪಾಗಿ ಎದ್ದಿದ್ದರೆ (ಪೊಟ್ಯಾಸಿಯಂ ಏರಿದ ಗುರುತು) 10 ಶೇಕಡಾ ಕ್ಯಾಲ್ಸಿಯಂ ಗ್ಲೂಕೋನೇಟ್ ಕೆ.ಜಿ.ಗೆ 0.5 ಮಿ.ಲೀ., ಮಾನಿಟರ್ ನೋಡುತ್ತಾ 5–10 ನಿಮಿಷದಲ್ಲಿ, ಜೊತೆಗೆ ಸಾಲ್ಬ್ಯುಟಮಾಲ್ ನೆಬ್ಯುಲೈಸರ್. ಚೀಟಿಯಲ್ಲಿ ಗಂಟೆವಾರು ಮೂತ್ರ, ಕೊಟ್ಟ ದ್ರವದ ಮೊತ್ತ, ದಾಖಲಾದ ತೂಕ, ಕೊಟ್ಟ ನೋವಿನ ಔಷಧಿ ಇರಲಿ.

ಡಯಾಲಿಸಿಸ್ ಅಂದ ಕೂಡಲೇ ಮನೆಯವರು ಕುಸಿಯುತ್ತಾರೆ. ಸಣ್ಣ ಮಕ್ಕಳಿಗೆ, ಬಿಪಿ ಕಡಿಮೆ ಇದ್ದರೂ, ಹೊಟ್ಟೆಯೊಳಗೆ ದ್ರವ ತುಂಬಿ ಹೊರತೆಗೆದು ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಮಾಡಬಹುದು. ಕೆ.ಜಿ.ಗೆ 10 ಮಿ.ಲೀ.ನಿಂದ ಶುರು, ಒಂದು ಸುತ್ತಿಗೆ ಸುಮಾರು ಒಂದು ಗಂಟೆ, ದ್ರವ ಮೈ ಬಿಸಿಯಷ್ಟಿರಬೇಕು. ಹೋದಷ್ಟು ಹೊರಬರದಿದ್ದರೆ ಮಗುವಿನ ಮಗ್ಗುಲು ಬದಲಿಸಿ. ನಾರಿನಂಥ ಫೈಬ್ರಿನ್ ಕಟ್ಟಿದ್ದರೆ ಲೀಟರಿಗೆ 500 ಯೂನಿಟ್ ಹೆಪಾರಿನ್ (ಹೆಪ್ಪುಗಟ್ಟದಂತೆ ತಡೆಯುವ ಔಷಧಿ), ರಕ್ತಸ್ರಾವ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ. ಹೊರಬಂದದ್ದು ಮಬ್ಬಾಗಿದ್ದರೆ ಸೋಂಕು ಅಂತ ಪರೀಕ್ಷೆಗೆ ಕಳಿಸಿ.

ಮೂತ್ರ ಮತ್ತೆ ಬರಲು ಶುರುವಾದಾಗ ಒಮ್ಮೊಮ್ಮೆ ಧಾರಾಕಾರ ಬರುತ್ತದೆ, ಸೋಡಿಯಂ, ಪೊಟ್ಯಾಸಿಯಂ ಇಳಿಯುತ್ತವೆ, ಆಗ ಲೆಕ್ಕ ನಿಲ್ಲಿಸಬೇಡಿ. ಬಿಡುಗಡೆಯ ದಿನದ ಕ್ರಿಯೇಟಿನಿನ್ ಬರೆಸಿಕೊಳ್ಳಿ. ಮೂರು ತಿಂಗಳಿಗೆ ಬಿಪಿ, ಮೂತ್ರದ ಅಲ್ಬುಮಿನ್, ಕ್ರಿಯೇಟಿನಿನ್ ಮಾಡಿಸಿ. ನಡುವೆ ಜ್ವರಕ್ಕೆ ಯಾವ ಮೆಡಿಕಲ್‌ಗೆ ಹೋದರೂ ಆ ಚೀಟಿ ತೋರಿಸಿಯೇ ಸಿರಪ್ ಕೊಳ್ಳಿ.